ಇಡ್ಲಿ ಹಿಟ್ಟಿನಲ್ಲಿ ಯಾರಿಗೆ ಯಾವ ಕೆಲಸ?

ಮಕ್ಕಳೇ, ಮುಂದಿನ ಸಲ ತಟ್ಟೆಗೆ ಇಡ್ಲಿ ಬಿದ್ದಾಗ ಒಂದನ್ನು ಮಧ್ಯಕ್ಕೆ ಮುರಿದು, ಬಾಯಿಗೆ ಹಾಕಿಕೊಳ್ಳುವ ಮೊದಲು ಬೆಳಕಿಗೆ ಹಿಡಿದು ನೋಡಿ. ಒಳಗೆಲ್ಲ ತೂತುಗಳು. ಕೆಲವು ಸಾಸಿವೆ ಕಾಳಿನಷ್ಟು, ಉಳಿದವು ಅದಕ್ಕಿಂತ ಸಣ್ಣವು. ಸಾಂಬಾರು ಒಳಗಿಳಿಯುವುದು ಈ ತೂತುಗಳಿಗೆ. ಇಡ್ಲಿ ಮೆತ್ತಗಿರುವುದೂ ಇವುಗಳಿಂದಲೇ. ತೂತು ಇಲ್ಲದ ಇಡ್ಲಿಯನ್ನು ಮನೆಯವರೆಲ್ಲ ‘ಕಲ್ಲು’ ಎಂದು ಪಕ್ಕಕ್ಕೆ ತಳ್ಳುತ್ತಾರೆ.

ಹಾಗಾದರೆ ಈ ತೂತು ಕೊರೆದವರು ಯಾರು? ಇದನ್ನು ತಿಳಿದುಕೊಂಡರೆ ಇಡ್ಲಿಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವ ದಾರಿಯೂ ಗೊತ್ತಾಗುತ್ತದೆ. ಅಜ್ಜಿಗೆ ರಾಗಿ ಸೇರಿಸಿ ಮಾಡಬಹುದು, ಅಕ್ಕಿ ಮುಗಿದ ದಿನ ರವೆಯಲ್ಲಿ ಮಾಡಬಹುದು, ಚಳಿಗಾಲದಲ್ಲೂ ಹೂವಿನಂತೆ ಅರಳಿಸಬಹುದು. ಅಡುಗೆಯನ್ನು ಬದಲಾಯಿಸಲು ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಈ ಪದಾರ್ಥ ಇಲ್ಲಿ ಯಾವ ಕೆಲಸ ಮಾಡುತ್ತಿದೆ?’

ಅಕ್ಕಿಯ ಪಾಲು, ಉದ್ದಿನ ಪಾಲು

ಇಡ್ಲಿಗೆ ಬೇಕಾದದ್ದು ಅಕ್ಕಿ, ಉದ್ದಿನಬೇಳೆ, ಉಪ್ಪು, ನೀರು. ಕೆಲವರ ಮನೆಯಲ್ಲಿ ಒಂದಿಷ್ಟು ಮೆಂತ್ಯ.

ಅಕ್ಕಿಯಲ್ಲಿ ಹೆಚ್ಚಾಗಿರುವುದು ಪಿಷ್ಟ. ಹಬೆಯ ಬಿಸಿ ತಗಲಿ ಹಿಟ್ಟು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುರಿಯುವ ಹಾಗಿದ್ದ ಹಿಟ್ಟು ಇಡ್ಲಿಯ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುವುದು ಹೀಗೆ.

ಉದ್ದನ್ನು ರುಬ್ಬಿದ ಮೇಲೆ ಬೆರಳಲ್ಲಿ ಮುಟ್ಟಿ ನೋಡಿ. ಲೋಳೆಯಾಗಿ ಎಳೆಯೆಳೆಯಾಗಿ ಬರುತ್ತದೆ. ಅದರಲ್ಲಿರುವ ಪ್ರೋಟೀನು ಮತ್ತು ಅರಾಬಿನೊಗ್ಯಾಲಕ್ಟನ್ ಎಂಬ ಅಂಟು ಇದಕ್ಕೆ ಕಾರಣ. ಬರಿ ನೀರಿನಲ್ಲಿ ಎದ್ದ ಗುಳ್ಳೆ ತಕ್ಷಣ ಒಡೆಯುತ್ತದೆ, ಸಾಬೂನು ನೀರಿನ ಗುಳ್ಳೆ ಬಹಳ ಹೊತ್ತು ನಿಲ್ಲುತ್ತದೆ. ಹಿಟ್ಟಿನಲ್ಲಿ ಎದ್ದ ಗುಳ್ಳೆಗಳನ್ನು ಒಡೆಯದಂತೆ ಹಾಗೆಯೇ ಹಿಡಿದಿಡುವುದು ಉದ್ದಿನ ಕೆಲಸ. ಮೆಂತ್ಯದಲ್ಲೂ ಲೋಳೆ ಇರುವುದರಿಂದ ಅದು ಉದ್ದಿಗೆ ಕೈ ಜೋಡಿಸುತ್ತದೆ.

ಗುಳ್ಳೆಗಳನ್ನು ಎಬ್ಬಿಸುವ ಕೆಲಸ ಮಾತ್ರ ಕಣ್ಣಿಗೆ ಕಾಣದವರದ್ದು. ಉದ್ದಿನಬೇಳೆಯ ಮೈಮೇಲೆ ಕೂತು ಬಂದ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಹಿಟ್ಟಿನಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಅವುಗಳಲ್ಲಿ ಮುಖ್ಯವಾದುದು ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಅದು ಎರಡು ಮುಖ್ಯ ವಸ್ತುಗಳನ್ನು ಹೊರಗೆ ಬಿಡುತ್ತದೆ. ಒಂದು ಇಂಗಾಲದ ಡೈಆಕ್ಸೈಡ್ ಅನಿಲ. ಇದರಿಂದ ಹಿಟ್ಟು ಉಬ್ಬುತ್ತದೆ. ಇನ್ನೊಂದು ಲ್ಯಾಕ್ಟಿಕ್ ಆಮ್ಲ. ಇದರಿಂದ ಹಿಟ್ಟಿಗೆ ಹದವಾದ ಹುಳಿ ಬರುತ್ತದೆ. ‘ಹಿಟ್ಟು ಹುದುಗು ಬಂದಿದೆ’ ಎಂದು ಅಮ್ಮ ಹೇಳುವಾಗ ಈ ಎರಡೂ ಆಗಿರುತ್ತವೆ.

ಒಂದನ್ನು ತೆಗೆದು ನೋಡೋಣ

ಉದ್ದಿಗೆ ಇಂಥ ಕೆಲಸ ಎಂದು ನಾನು ಹೇಳಿದೆ. ನೀವು ಸುಮ್ಮನೆ ನಂಬಬೇಕಾಗಿಲ್ಲ, ನಿಮ್ಮ ಕೈಯಾರೆ ಪರೀಕ್ಷಿಸಿ. ಯಾರ ಕೆಲಸ ಏನೆಂದು ತಿಳಿಯಬೇಕಾದರೆ ಅವರೊಬ್ಬರನ್ನು ಹೊರಗಿಟ್ಟು ನೋಡಬೇಕು.

ಮನೆಯಲ್ಲಿ ಇಡ್ಲಿಗೆ ರುಬ್ಬುವ ದಿನ ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಬರಿ ಅಕ್ಕಿ ಹಿಟ್ಟು, ಇನ್ನೊಂದಕ್ಕೆ ಅಕ್ಕಿ ಮತ್ತು ಉದ್ದು ಬೆರೆಸಿದ ಹಿಟ್ಟು ಹಾಕಿ. ಎರಡೂ ಅರ್ಧ ಲೋಟದಷ್ಟೇ ಇರಲಿ, ಉಬ್ಬಲು ಜಾಗ ಬೇಕಲ್ಲ! ಹಿಟ್ಟಿನ ಮಟ್ಟಕ್ಕೆ ಸರಿಯಾಗಿ ರಬ್ಬರ್ ಬ್ಯಾಂಡ್ ಸುತ್ತಿ, ತಟ್ಟೆ ಮುಚ್ಚಿ, ಎರಡನ್ನೂ ಒಂದೇ ಕಡೆ ಇಡಿ. ಬೆಳಿಗ್ಗೆ ಎದ್ದು ಸ್ಕೇಲು ಹಿಡಿದು ಅಳೆಯಿರಿ. ಬರಿ ಅಕ್ಕಿಯ ಲೋಟದಲ್ಲಿ ಹಿಟ್ಟು ತಳಕ್ಕೆ ಇಳಿದು ಮೇಲೆ ನೀರು ನಿಂತಿರುತ್ತದೆ. ಉದ್ದು ಬೆರೆತ ಲೋಟದಲ್ಲಿ ಹಿಟ್ಟು ರಬ್ಬರ್ ಬ್ಯಾಂಡ್ ದಾಟಿ ಮೇಲೆ ಬಂದಿರುತ್ತದೆ. ಗಾಜಿನ ಗೋಡೆಯ ಒಳಗಡೆ ಗುಳ್ಳೆಗಳು ಒತ್ತೊತ್ತಾಗಿ ಕೂತಿರುವುದನ್ನು ಲೋಟ ತಿರುಗಿಸಿ ನೋಡಿ.

ಇನ್ನೊಂದು ದಿನ ಉದ್ದು ಬೆರೆಸಿದ ಹಿಟ್ಟನ್ನೇ ಮೂರು ಲೋಟಗಳಿಗೆ ಹಾಕಿ. ಒಂದು ಫ್ರಿಜ್‌ನಲ್ಲಿ, ಒಂದು ಅಡುಗೆಮನೆಯ ಕಟ್ಟೆ ಮೇಲೆ, ಒಂದು ಕಂಬಳಿ ಸುತ್ತಿ ಬೆಚ್ಚಗೆ ಇರಲಿ. ಫ್ರಿಜ್‌ನ ಲೋಟದಲ್ಲಿ ಹಿಟ್ಟು ಇದ್ದ ಹಾಗೇ ಇರುತ್ತದೆ, ಏಕೆಂದರೆ ಚಳಿಗೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಹಿಟ್ಟಿನ ಪಾತ್ರೆಗೆ ಬಟ್ಟೆ ಸುತ್ತಿಡುವುದು ಇದಕ್ಕಾಗಿ. ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಅಲ್ಲಿ ಹಿಟ್ಟನ್ನು ಹೊರಗೆ ಹೆಚ್ಚು ಹೊತ್ತು ಬಿಟ್ಟರೆ ಹುಳಿ ಹತ್ತುತ್ತದೆ. ಹಿಮ ಬೀಳುವ ದೇಶಗಳಲ್ಲಿರುವ ನಮ್ಮವರು ಹಿಟ್ಟನ್ನು ಓವನ್ನಿನೊಳಗೆ ಇಟ್ಟು ಅದರ ದೀಪವನ್ನಷ್ಟೇ ಹಾಕಿಡುತ್ತಾರೆ. ಆ ಪುಟ್ಟ ದೀಪದ ಕಾವು ಬ್ಯಾಕ್ಟೀರಿಯಾಗಳಿಗೆ ಸಾಕು.

ಗಮನಿಸಿದಿರಾ? ಮೊದಲ ದಿನ ಉದ್ದೊಂದನ್ನು ಮಾತ್ರ ಬದಲಾಯಿಸಿದೆವು, ಜಾಗ ಬದಲಾಯಿಸಲಿಲ್ಲ. ಎರಡನೆಯ ದಿನ ಜಾಗ ಬದಲಾಯಿಸಿದೆವು, ಹಿಟ್ಟನ್ನು ಬದಲಾಯಿಸಲಿಲ್ಲ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದರೆ ಹಿಟ್ಟು ಉಬ್ಬದೇ ಹೋದದ್ದಕ್ಕೆ ಯಾರನ್ನು ಕೇಳುವುದು? ಒಂದು ಸಲಕ್ಕೆ ಒಂದೇ ಬದಲಾವಣೆ. ದೊಡ್ಡ ಪ್ರಯೋಗಾಲಯಗಳಲ್ಲೂ ಈ ನಿಯಮವೇ, ನಿಮ್ಮ ಅಡುಗೆಮನೆಯಲ್ಲೂ ಇದೇ.

ಸಾವಿರ ವರ್ಷಗಳ ಪ್ರಯೋಗ

ಇಡ್ಲಿ ಮೊದಲಿನಿಂದಲೂ ಹೀಗೇ ಇತ್ತು ಎಂದುಕೊಳ್ಳಬೇಡಿ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಲಿಯ ಪ್ರಸ್ತಾಪ ಬರುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ಎಂಬ ಕವಿ ಬರೆದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಬಗೆಯೂ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವುದು. ಅಕ್ಕಿಯ ಸುದ್ದಿಯೇ ಇಲ್ಲ! ಅಕ್ಕಿ ಸೇರಿದ್ದು ಆಮೇಲೆ. ಯಾರೋ ಒಬ್ಬರು ಧೈರ್ಯ ಮಾಡಿ ಬೆರೆಸಿ ನೋಡಿರಬೇಕು.

ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಣ್ಣ ಎಂಬ ತಿಂಡಿ ಮಾಡುತ್ತಾರೆ. ನೋಡಲು ಇಡ್ಲಿಯ ತಮ್ಮ. ಅದರ ಹಿಟ್ಟಿಗೆ ಶೇಂದಿ ಹಾಕುವ ರೂಢಿಯಿತ್ತು. ಶೇಂದಿಯಲ್ಲಿ ಯೀಸ್ಟ್ ಇರುತ್ತದೆ, ಅದೂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಶೇಂದಿ ಸಿಗದ ಕಡೆ ಈಗ ಅಂಗಡಿಯ ಯೀಸ್ಟ್ ಹಾಕುತ್ತಾರೆ. ಕೆಲಸಗಾರರು ಬೇರೆ, ಕೆಲಸ ಅದೇ.

ರವೆ ಇಡ್ಲಿಯ ಕಥೆ ಇನ್ನೂ ಚೆಂದ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಜಪಾನ್ ಬರ್ಮಾವನ್ನು ಹಿಡಿದುಕೊಂಡಿತು. ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯ ಅಭಾವದ ಆ ದಿನಗಳಲ್ಲಿ ಬೆಂಗಳೂರಿನ ಎಂಟಿಆರ್ ಹೋಟೆಲಿನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಹಾಗೆ ರವೆ ಇಡ್ಲಿ ಹುಟ್ಟಿತು ಎಂದು ಅವರು ಹೇಳುತ್ತಾರೆ.

ಈಗ ನಮ್ಮ ಪ್ರಶ್ನೆ ಕೇಳೋಣ. ರವೆ ಇಡ್ಲಿಯಲ್ಲಿ ಯಾರ ಕೆಲಸ ಯಾರಿಗೆ ಹೋಯಿತು? ಗಟ್ಟಿಯಾಗಿ ನಿಲ್ಲುವ ಕೆಲಸವನ್ನು ಅಕ್ಕಿಯ ಬದಲು ಗೋಧಿ ರವೆ ವಹಿಸಿಕೊಂಡಿತು. ಗುಳ್ಳೆ ಎಬ್ಬಿಸುವ ಕೆಲಸ ಮೊಸರು ಮತ್ತು ಅಡುಗೆ ಸೋಡಕ್ಕೆ ಬಂತು. ಮೊಸರಿನ ಆಮ್ಲ ಸೋಡವನ್ನು ಕೂಡಿದರೆ ಇಂಗಾಲದ ಡೈಆಕ್ಸೈಡ್ ಬುಸ್ಸೆಂದು ಏಳುತ್ತದೆ. ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಮಾಡುವ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಗುಳ್ಳೆಗಳನ್ನು ಹಿಡಿದಿಡಲು ಇಲ್ಲಿ ಉದ್ದಿನ ಲೋಳೆ ಇಲ್ಲ. ಆದ್ದರಿಂದ ಸೋಡ ಬೆರೆಸಿದ ಮೇಲೆ ಹಿಟ್ಟನ್ನು ಬಿಟ್ಟು ಹರಟುತ್ತ ಕೂರುವಂತಿಲ್ಲ. ಗುಳ್ಳೆ ಹೊರಗೆ ಓಡುವ ಮೊದಲು ಹಬೆಯಲ್ಲಿಟ್ಟು ಇಡ್ಲಿಯನ್ನು ಗಟ್ಟಿ ಮಾಡಬೇಕು.

ಅರಿಸಿನ ಹೇಳುವ ಗುಟ್ಟು

ಸೋಡ ಎಷ್ಟು ಹಾಕಬೇಕು? ಹೆಚ್ಚಾದರೆ ಆಮ್ಲದೊಂದಿಗೆ ಕೂಡದೆ ಉಳಿದ ಸೋಡ ನಾಲಿಗೆಗೆ ಸಾಬೂನಿನ ರುಚಿ ಕೊಡುತ್ತದೆ. ಉಳಿದಿದೆಯೋ ಇಲ್ಲವೋ ಎಂದು ಅರಿಸಿನ ಹೇಳುತ್ತದೆ.

ಒಂದು ಬಟ್ಟಲಲ್ಲಿ ಮೊಸರು, ಇನ್ನೊಂದರಲ್ಲಿ ಸೋಡ ಕದಡಿದ ನೀರು ಇಟ್ಟುಕೊಳ್ಳಿ. ಎರಡಕ್ಕೂ ಒಂದೊಂದು ಚಿಟಿಕೆ ಅರಿಸಿನ ಹಾಕಿ. ಮೊಸರು ಹಳದಿಯಾಗುತ್ತದೆ. ಸೋಡದ ನೀರು ಕಿತ್ತಳೆ, ಕೆಂಪು ಛಾಯೆಗೆ ತಿರುಗುತ್ತದೆ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಆಮ್ಲದಲ್ಲಿ ಹಳದಿ, ಪ್ರತ್ಯಾಮ್ಲದಲ್ಲಿ ಕೆಂಪು. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಈ ಗುಣದಿಂದಲೇ. ಈಗ ಸೋಡದ ಬಟ್ಟಲಿಗೆ ಒಂದೊಂದೇ ಚಮಚ ಮೊಸರು ಹಾಕುತ್ತ ಕಲಕಿ. ನೊರೆ ಏಳುತ್ತದೆ, ಕೆಂಪು ನಿಧಾನವಾಗಿ ಕರಗಿ ಹಳದಿ ಮರಳುತ್ತದೆ. ಸೋಡ ಕೆಲಸ ಮುಗಿಸಿತು ಎಂದರ್ಥ. ಅರಿಸಿನ ಹಾಕಿದ ಹಿಟ್ಟಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರೆ ಸೋಡ ಸರಿಯಾಗಿ ಬೆರೆತಿಲ್ಲ ಅಥವಾ ಹೆಚ್ಚಾಗಿದೆ ಎಂದು ಇನ್ನು ಮುಂದೆ ನೀವೇ ಹೇಳಬಲ್ಲಿರಿ.

ಮನೆಯವರಿಗಾಗಿ

ಈಗ ಅಜ್ಜಿಯ ರಾಗಿ ಇಡ್ಲಿಗೆ ಬರೋಣ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು. ಮೂಳೆಗಳಿಗೆ ಕ್ಯಾಲ್ಸಿಯಂ ಬೇಕು, ಅಜ್ಜಿಗೂ ಬೇಕು, ಬೆಳೆಯುವ ನಿಮಗೂ ಬೇಕು. ರಾಗಿ ಹಾಕುವಾಗ ಯಾವುದನ್ನು ಕಡಿಮೆ ಮಾಡುತ್ತೀರಿ? ರಾಗಿಯಲ್ಲೂ ಪಿಷ್ಟವಿದೆ, ಆದ್ದರಿಂದ ಅದು ಅಕ್ಕಿಯ ಜಾಗಕ್ಕೆ ಬರಬಲ್ಲದು. ಉದ್ದಿನ ಜಾಗಕ್ಕೆ ಬರಲಾರದು. ಮೊದಲ ಸಲ ಅಕ್ಕಿಯ ಕಾಲು ಭಾಗ ತೆಗೆದು ರಾಗಿ ಹಾಕಿ. ಎಲ್ಲರಿಗೂ ಹಿಡಿಸಿದರೆ ಮುಂದಿನ ಸಲ ಅರ್ಧ.

ಒಂದೇ ಪದಾರ್ಥ ಬೇರೆ ಬೇರೆ ಅಡುಗೆಯಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದೆ ಎಂಬುದನ್ನು ಮರೆಯಬೇಡಿ. ತಾತನಿಗೆ ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ ಎನ್ನಿ. ಪಲ್ಯದಲ್ಲಿ ಉಪ್ಪಿನದು ರುಚಿ ಕೊಡುವ ಕೆಲಸ, ಕಡಿಮೆ ಮಾಡಿ ನಿಂಬೆಹಣ್ಣು ಹಿಂಡಬಹುದು. ಮಾವಿನ ಮಿಡಿ ಉಪ್ಪಿನಕಾಯಿಯಲ್ಲಿ ಉಪ್ಪು ಕಾವಲುಗಾರ. ಕೆಡಿಸುವ ಸೂಕ್ಷ್ಮಜೀವಿಗಳನ್ನು ಅದು ತಡೆಯುತ್ತದೆ. ಅಲ್ಲಿ ಕಡಿಮೆ ಮಾಡಿದರೆ ಜಾಡಿಯೇ ಕೆಟ್ಟುಹೋಗುತ್ತದೆ. ಹಾಗಾಗಿ ಉಪ್ಪಿನಕಾಯಿಯ ಉಪ್ಪನ್ನು ಮುಟ್ಟದೆ, ತಾತ ಹಾಕಿಕೊಳ್ಳುವ ಹೋಳನ್ನು ಚಿಕ್ಕದು ಮಾಡಬೇಕು.

ಸಕ್ಕರೆಯೂ ಹಾಗೆಯೇ. ಶಾವಿಗೆ ಪಾಯಸದಲ್ಲಿ ಅದರ ಕೆಲಸ ಸಿಹಿ ಮಾತ್ರ, ಸ್ವಲ್ಪ ಇಳಿಸಿದರೆ ಪಾಯಸ ಪಾಯಸವಾಗಿಯೇ ಇರುತ್ತದೆ. ಮೈಸೂರುಪಾಕಿನಲ್ಲಿ ಸಕ್ಕರೆಯ ಪಾಕವೇ ತುಂಡು ಕಟ್ಟುವ ಆಸರೆ, ಅಲ್ಲಿ ಇಳಿಸಿದರೆ ತಟ್ಟೆಯಲ್ಲಿ ಕತ್ತರಿಸಲು ಏನೂ ನಿಲ್ಲುವುದಿಲ್ಲ. ಪಾಯಸಕ್ಕೆ ಸಕ್ಕರೆ ಬದಲು ಬೆಲ್ಲ ಹಾಕುವುದಾದರೆ ಇನ್ನೊಂದು ಎಚ್ಚರ ಬೇಕು. ಬೆಲ್ಲದಲ್ಲಿ ತುಸು ಆಮ್ಲ ಇರುವುದರಿಂದ ಕುದಿಯುವ ಹಾಲು ಒಡೆಯಬಹುದು. ಒಲೆ ಆರಿಸಿ, ಬಿಸಿ ಇಳಿದ ಮೇಲೆ ಹಾಕಿದರೆ ಆ ಭಯ ಕಡಿಮೆ.

ಹುಳಿ ಮಾಡುವಾಗ ತರಕಾರಿ ಬೆಂದ ಮೇಲೆ ಹುಣಸೆರಸ ಹಾಕುವುದನ್ನು ನೋಡಿದ್ದೀರಲ್ಲ? ತರಕಾರಿಯ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಆಮ್ಲದಲ್ಲಿ ಬೇಗ ಕರಗುವುದಿಲ್ಲ. ಮೊದಲೇ ಹುಳಿ ಬಿದ್ದರೆ ಆಲೂಗಡ್ಡೆ ಎಷ್ಟು ಕುದಿಸಿದರೂ ಗಟ್ಟಿ. ಹಲ್ಲಿಲ್ಲದ ತಾತನಿಗೆ ಮೆತ್ತಗಿನ ಹೋಳು ಬೇಕಾದರೆ ಹುಣಸೆ ಕೊನೆಗೆ. ಹುಣಸೆ ಬದಲು ಟೊಮೆಟೊ, ಮಾವಿನಕಾಯಿ, ಪುನರ್ಪುಳಿ ಏನೇ ಹಾಕಿದರೂ ಇದನ್ನು ನೆನಪಿಡಿ, ಏಕೆಂದರೆ ಅವೆಲ್ಲವೂ ಆಮ್ಲವೇ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪುಟಕ್ಕೆ ನಾಲ್ಕು ಕಲಂ ಎಳೆಯಿರಿ: ಏನು ಬದಲಾಯಿಸಿದೆವು, ಎಷ್ಟು, ಏನಾಯಿತು, ಮನೆಯವರು ಏನೆಂದರು. ಚೆನ್ನಾಗಿ ಬರದ ದಿನದ್ದನ್ನೂ ಬರೆಯಿರಿ, ಮುಂದಿನ ಪ್ರಯೋಗಕ್ಕೆ ದಾರಿ ತೋರಿಸುವುದು ಆ ಪುಟಗಳೇ. ಒಲೆ, ಹಬೆ, ಮಿಕ್ಸಿ ಇರುವ ಕಡೆ ದೊಡ್ಡವರು ಜೊತೆಗಿರಲಿ. ಪ್ರಯೋಗ ಪುಟ್ಟ ಪ್ರಮಾಣದಲ್ಲಿರಲಿ, ಅನ್ನ ಹಾಳಾಗಬಾರದು.

ಯಾವುದರಿಂದ ಶುರು ಮಾಡುವುದು ಎಂದು ಕೇಳುತ್ತೀರಾ? ನಿಮ್ಮ ಮನೆಯ ಅಡುಗೆಯಲ್ಲಿ ‘ಇದನ್ನೇಕೆ ಹಾಕುತ್ತಾರೆ?’ ಎಂದು ನಿಮಗೆ ಅನ್ನಿಸಿದ ಒಂದು ಪದಾರ್ಥವನ್ನು ಆರಿಸಿಕೊಳ್ಳಿ. ದೋಸೆ ಹಿಟ್ಟಿಗೆ ಬೀಳುವ ಹಿಡಿ ಅವಲಕ್ಕಿ ಇರಬಹುದು, ಚಕ್ಕುಲಿ ಹಿಟ್ಟಿಗೆ ಸುರಿಯುವ ಬಿಸಿ ಎಣ್ಣೆ ಇರಬಹುದು. ಅಜ್ಜಿಯನ್ನು ಕೇಳಿ, ಅವರ ಉತ್ತರ ಬರೆದುಕೊಳ್ಳಿ. ಆಮೇಲೆ ಅದನ್ನು ಬಿಟ್ಟು ಒಂದು ಪುಟ್ಟ ಪಾಲು, ಹಾಕಿ ಇನ್ನೊಂದು ಪುಟ್ಟ ಪಾಲು ಮಾಡಿ, ಎರಡನ್ನೂ ಅಜ್ಜಿಯ ಮುಂದಿಟ್ಟು ಒಟ್ಟಿಗೆ ರುಚಿ ನೋಡಿ.