ಮಕ್ಕಳ ಉದ್ಯೋಗ ಮತ್ತು ದೈವಕರೆ

(ಶತಮಾನೋತ್ಸವದ ಅಂಗವಾಗಿ ಪೋಷಕರ ಹಾಗೂ ಯುವಜನರ ಕೂಟದಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಕೃಪೆಗಾಗಿ ದೇವರಿಗೆ ಸ್ತೋತ್ರ ಸಲ್ಲಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಮುಂದಿನ ಕಾಲವನ್ನು ಕಟ್ಟಬೇಕಾದ ನಮ್ಮ ಮಕ್ಕಳ ಬಗ್ಗೆ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದೊಡನೆ ನಮ್ಮ ವಡ್ಡು, ತೋರಣಗಲ್ಲು, ಸಂಡೂರು ಸುತ್ತಿನ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಮಗನಾದರೆ ಐ.ಟಿ.ಐ., ಡಿಪ್ಲೊಮಾ, ಕಾರ್ಖಾನೆ, ಇಲ್ಲವೇ ಅದಿರಿನ ಲಾರಿ. ಮಗಳಾದರೆ ನರ್ಸಿಂಗ್, ಶಾಲೆಯ ಕೆಲಸ, ಹೊಲಿಗೆ; ಅದೂ ಆಗದಿದ್ದರೆ ಮದುವೆ. ಯಂತ್ರವನ್ನು ಬಿಚ್ಚಿ ಜೋಡಿಸುವ ಆಸೆ ಮಗಳಿಗಿದೆಯೇ, ರೋಗಿಗಳ ಶುಶ್ರೂಷೆಯಲ್ಲಿ ಮಗನಿಗೆ ಮನಸ್ಸಿದೆಯೇ ಎಂದು ವಿಚಾರಿಸುವವರು ವಿರಳ. ಮಕ್ಕಳು ಬಾಯಿ ಬಿಡುವ ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ಗಣಿಯ ಕೆಲಸ ಗಂಡಸರದು ಎಂಬ ಮಾತನ್ನೇ ಪರೀಕ್ಷಿಸಿ ನೋಡೋಣ. ದೊಡ್ಡ ಯಂತ್ರಗಳು ಬರುವುದಕ್ಕೆ ಮೊದಲು ಸಂಡೂರು, ಹೊಸಪೇಟೆ ಭಾಗದ ಗಣಿಗಳಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆದವರಲ್ಲಿ, ಆರಿಸಿದವರಲ್ಲಿ, ಬುಟ್ಟಿ ಹೊತ್ತು ಲಾರಿಗೆ ತುಂಬಿದವರಲ್ಲಿ ಹೆಂಗಸರೂ ಇದ್ದರು. ಸುಡುಬಿಸಿಲಿನಲ್ಲಿ ಬುಟ್ಟಿ ಹೊರುವಾಗ ಇದು ಹೆಣ್ಣಿನ ಕೆಲಸವಲ್ಲವೆಂದು ಯಾರೂ ತಡೆಯಲಿಲ್ಲ. ಬುಟ್ಟಿಯ ಜಾಗಕ್ಕೆ ಯಂತ್ರ ಬಂದಾಗ ಮಾತ್ರ ಆ ಯಂತ್ರದ ಆಸನ ಗಂಡಸಿನದಾಯಿತು. ಕಷ್ಟದ ಕೆಲಸಕ್ಕೆ ಆಗಿಬರುತ್ತಿದ್ದ ಹೆಣ್ಣು, ತಿಳಿವಳಿಕೆಯ ಹಾಗೂ ಹೆಚ್ಚು ಸಂಬಳದ ಕೆಲಸಕ್ಕೆ ಬಾರದವಳಾದದ್ದು ಹೇಗೆ?

ಕಾನೂನಿನ ಅಡ್ಡಿಯೂ ಇತ್ತೆಂಬುದು ನಿಜ. 1952ರ ಗಣಿ ಕಾಯಿದೆಯು ಹೆಂಗಸರು ನೆಲದಡಿಯ ಗಣಿಗೆ ಇಳಿಯುವುದನ್ನು ನಿಷೇಧಿಸಿತ್ತು. ಮೇಲಿನ ಕೆಲಸದಲ್ಲಿಯೂ ರಾತ್ರಿ ಪಾಳಿಗೆ ಅವಕಾಶವಿರಲಿಲ್ಲ. ಹೀಗಿರುವಾಗ ಗಣಿ ಶಾಸ್ತ್ರ ಓದಿದ ಹುಡುಗಿಗೆ ಕೆಲಸ ಸಿಗುವುದು ಕಠಿಣವೇ ಆಗಿತ್ತು. ಆದರೆ 2019ರಲ್ಲಿ ಕೇಂದ್ರ ಸರ್ಕಾರ ಈ ನಿರ್ಬಂಧವನ್ನು ಸಡಿಲಿಸಿತು. ಹೆಂಗಸರ ಲಿಖಿತ ಒಪ್ಪಿಗೆ ಇರಬೇಕು, ಕನಿಷ್ಠ ಮೂವರು ಜೊತೆಗಿರಬೇಕು, ತಕ್ಕ ರಕ್ಷಣೆ ಒದಗಿಸಬೇಕು ಎಂಬ ನಿಯಮಗಳೊಡನೆ ತೆರೆದ ಗಣಿಗಳಲ್ಲಿ ರಾತ್ರಿ ಪಾಳಿಗೂ, ನೆಲದಡಿಯಲ್ಲಿ ಹಗಲು ಹೊತ್ತಿನ ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಕ್ಕೂ ಅನುಮತಿ ದೊರೆಯಿತು. 2021ರಲ್ಲಿ ಜಾರ್ಖಂಡಿನ ಆಕಾಂಕ್ಷಾ ಕುಮಾರಿ ಎಂಬ ತರುಣಿ ಗಣಿ ಇಂಜಿನಿಯರಾಗಿ ನೆಲದಡಿಯ ಕಲ್ಲಿದ್ದಲು ಗಣಿಯಲ್ಲಿ ಕೆಲಸಕ್ಕೆ ಸೇರಿದರು. ನಮ್ಮ ಸಂಡೂರಿನ ಪಕ್ಕದ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿಯೇ ಖನಿಜ ಸಂಸ್ಕರಣೆಯ ಶಿಕ್ಷಣ ದೊರೆಯುತ್ತದೆ. ಕಾಯಿದೆ ದಾರಿ ಬಿಟ್ಟಿದೆ. ಮನೆಯ ಹೊಸ್ತಿಲು ದಾರಿ ಬಿಡಬೇಕಾಗಿದೆ.

ಇದು ಲೋಕದ ಮಾತು, ಧರ್ಮಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ನಮ್ಮ ಧರ್ಮಸಭೆಯ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವಿದೆ. ಒಂದು ಕಾಲದಲ್ಲಿ ಧರ್ಮಭಗಿನಿಯರು ವೈದ್ಯವೃತ್ತಿ ನಡೆಸುವುದಕ್ಕೆ, ವಿಶೇಷವಾಗಿ ಹೆರಿಗೆ ಮಾಡಿಸುವುದಕ್ಕೆ, ಧರ್ಮಸಭೆಯ ನಿಯಮವೇ ಅಡ್ಡವಾಗಿತ್ತು. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ಅವರು ಇಲ್ಲಿಯ ತಾಯಂದಿರ ಹಾಗೂ ಹಸುಗೂಸುಗಳ ಸಾವಿಗೆ ಮರುಗಿ 1920ರಲ್ಲಿ ಗುಂಟೂರಿಗೆ ಬಂದು ಧರ್ಮಭಗಿನಿಯಾದರು. ಪೋಪ್ ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿಯಿಂದ ವೈದ್ಯವೃತ್ತಿಯನ್ನೂ ಮುಂದುವರಿಸಿದರು. 1936ರಲ್ಲಿ ರೋಮ್ ಎಲ್ಲ ಧರ್ಮಭಗಿನಿಯರಿಗೂ ಆ ಬಾಗಿಲನ್ನು ತೆರೆಯಿತು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದ ಈ ಭಗಿನಿ 1957ರಲ್ಲಿ ಬೆಂಗಳೂರಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬ ಅವರ ಕನಸು 1963ರಲ್ಲಿ ಅದೇ ನಗರದ ಸಂತ ಜಾನ್ ವೈದ್ಯಕೀಯ ಕಾಲೇಜಾಗಿ ಫಲಿಸಿತು. ಮನುಷ್ಯರು ಮಾಡಿದ ನಿಯಮವನ್ನು ದೇವರ ಆಜ್ಞೆಯೆಂದು ತಿಳಿದು ಅವರು ಸುಮ್ಮನಿದ್ದಿದ್ದರೆ ಎಷ್ಟು ಜೀವಗಳಿಗೆ ನಷ್ಟವಾಗುತ್ತಿತ್ತೋ!

ಗಂಡುಮಕ್ಕಳ ಪಾಡೂ ಹೀಗೆಯೇ. ನರ್ಸಿಂಗ್ ಸೇರುವೆನೆಂದ ಹುಡುಗನನ್ನು ಗೆಳೆಯರು ಹಾಸ್ಯಮಾಡುತ್ತಾರೆ, ಬಂಧುಗಳು ಮುಖ ಸಿಂಡರಿಸುತ್ತಾರೆ. ಆದರೆ ದಾದಿಯರ ಪಾಲಕರೆಂದು ಧರ್ಮಸಭೆ ಗೌರವಿಸುವ ಸಂತ ಕಮಿಲ್ಲಸರು ಮೊದಲು ಸೈನಿಕರಾಗಿದ್ದವರು. ಕತ್ತಿಯನ್ನು ಕೆಳಗಿಟ್ಟು ರೋಗಿಗಳ ಹುಣ್ಣು ತೊಳೆದವರು. ಅವರ ಪುರುಷತ್ವಕ್ಕೆ ಅದರಿಂದ ಕುಂದೇನೂ ಬರಲಿಲ್ಲ. ದಿವಂಗತ ಪೋಪ್ ಫ್ರಾನ್ಸಿಸರೂ ಕುಟುಂಬವನ್ನು ಕುರಿತ ತಮ್ಮ 2016ರ ಪತ್ರದಲ್ಲಿ, ಗಂಡಸಿನ ಗುಣ, ಹೆಂಗಸಿನ ಗುಣ ಎಂಬುವು ಬದಲಾಗದ ಅಚ್ಚುಗಳಲ್ಲವೆಂದೂ, ಮನೆಗೆಲಸದಲ್ಲಿ, ಮಕ್ಕಳ ಪಾಲನೆಯಲ್ಲಿ ಕೈಜೋಡಿಸುವುದರಿಂದ ಗಂಡನು ಕೀಳಾಗುವುದಿಲ್ಲವೆಂದೂ ತಿಳಿಸಿದ್ದಾರೆ.

ತಂದೆತಾಯಿಗಳ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ರಾತ್ರಿ ಪಾಳಿ ಮುಗಿಸಿದ ಮಗಳು ಮನೆಗೆ ಹೇಗೆ ಬರುವಳು, ದೂರದ ಊರಿನ ಹಾಸ್ಟೆಲು ಹೇಗಿರುವುದು, ಮುಂದೆ ಗಂಡು ಸಿಗುವುದೇ ಎಂಬ ಚಿಂತೆ ಸಹಜವಾದದ್ದು. ಆದರೆ ದಾರಿಯಲ್ಲಿ ಭಯವಿದ್ದರೆ ದಾರಿಯನ್ನು ಸರಿಪಡಿಸಬೇಕೇ ಹೊರತು ಮಗಳ ಓದನ್ನು ನಿಲ್ಲಿಸುವುದು ಪರಿಹಾರವಲ್ಲ. ನಾಲ್ಕು ಮನೆಯವರು ಒಟ್ಟಾಗಿ ಹೋಗಿ ಹಾಸ್ಟೆಲನ್ನು ನೋಡಿ ಬರಬಹುದು; ಕೆಲಸದ ಕಡೆ ವಾಹನದ ಏರ್ಪಾಟಿಗಾಗಿ ಒತ್ತಾಯಿಸಬಹುದು. ಇದೇ ಧರ್ಮಕೇಂದ್ರದಲ್ಲಿ ಓದಿ ಕೆಲಸದಲ್ಲಿರುವ ಅಕ್ಕ ಅಣ್ಣಂದಿರು ವರ್ಷಕ್ಕೊಮ್ಮೆ, ಫಲಿತಾಂಶದ ಮುಂಚೆ, ಭಾನುವಾರದ ಬಲಿಪೂಜೆಯ ನಂತರ ಮಕ್ಕಳೊಡನೆ ಕುಳಿತು ದಾರಿ ತೋರಿಸಬಹುದು. ಶತಮಾನೋತ್ಸವದ ನೆನಪಿಗೆ ಇಂಥದೊಂದು ಪದ್ಧತಿ ಆರಂಭವಾಗಲೆಂದು ನಮ್ಮ ಕೋರಿಕೆ.

ಸಂತ ಮತ್ತಾಯನ ಶುಭಸಂದೇಶದಲ್ಲಿ ಯಜಮಾನನು ಸೇವಕರಿಗೆ ಹಣ ಒಪ್ಪಿಸಿ ಹೋದ ಸಾಮತಿ ತಮಗೆಲ್ಲ ತಿಳಿದದ್ದೇ. ಭಯದಿಂದ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನು ಯಜಮಾನನ ಮೆಚ್ಚುಗೆ ಪಡೆಯಲಿಲ್ಲ. ನಮ್ಮ ಮಕ್ಕಳಿಗೆ ಕೊಟ್ಟ ವರಗಳ ಲೆಕ್ಕವನ್ನು ದೇವರು ಅವರನ್ನು ಕೇಳುವಾಗ, ಅಪ್ಪ ಅಮ್ಮ ಹೂತಿಟ್ಟರು ಎಂದು ಅವರು ಉತ್ತರಿಸುವಂತಾಗಬಾರದು. ಆದುದರಿಂದ ಈ ಸಲ ಫಲಿತಾಂಶ ಬಂದ ದಿನ, ಮಗನಾಗಲಿ ಮಗಳಾಗಲಿ, ಪಕ್ಕದಲ್ಲಿ ಕೂರಿಸಿಕೊಂಡು ಅವರ ಮನಸ್ಸಿನಲ್ಲೇನಿದೆಯೆಂದು ಮೊದಲು ಕೇಳಿರಿ.

ಮಾತೆ ಮರಿಯಮ್ಮನವರೂ, ಶ್ರಮಿಕರ ಪಾಲಕರಾದ ಸಂತ ಜೋಸೆಫರೂ ನಮ್ಮ ಮಕ್ಕಳೆಲ್ಲರಿಗಾಗಿ ಪ್ರಾರ್ಥಿಸಲಿ.