ದೊಡ್ಡವ್ವನ ಒಂದು ಮೊಳ ಮಲ್ಲಿಗೆ

ಇವತ್ತು ರಾಜಕೀಯ ಬೇಡ, ಹೂವಿನ ಮಾತಾಡೋಣ.

ಅಮೆರಿಕದ ಹೈಸ್ಕೂಲುಗಳಲ್ಲಿ ಓದು ಮುಗಿಯುವ ಹೊತ್ತಿಗೆ ‘ಪ್ರಾಮ್’ ಅಂತ ಡ್ಯಾನ್ಸ್ ನಡೆಯುತ್ತೆ. ಜೋಡಿಯಾಗಿ ಹೋಗುವವರಲ್ಲಿ ಹುಡುಗ ಹುಡುಗಿಯ ಮುಂಗೈಗೆ ಪುಟ್ಟ ಹೂಗೊಂಚಲು ಕಟ್ಟುತ್ತಾನೆ. ಹುಡುಗಿ ಅವನ ಕೋಟಿನ ಎಡಗಡೆ ಒಂದು ಹೂ ಚುಚ್ಚುತ್ತಾಳೆ. ಕೊಡೋದೂ ಇಬ್ಬರೇ, ತಗೊಳ್ಳೋದೂ ಇಬ್ಬರೇ.

ಅಲ್ಲಿರುವ ನಮ್ಮ ಸಂಬಂಧಿಕರ ಹುಡುಗಿ ಇಂಥದ್ದೊಂದು ಫೋಟೋ ಕಳಿಸಿದ್ದಳು. ಮಾನ್ವಿಯಲ್ಲಿರುವ ದೊಡ್ಡವ್ವನಿಗೆ ತೋರಿಸಿದೆ. “ಹೂ ಕೈಗ್ಯಾಕ ಕಟ್ಯಾನಪಾ? ತಲಿಗಿ ಮುಡಸಬೇಕಲ್ಲ?” ಅಂದಳು. ಇಬ್ಬರೂ ನಕ್ಕೆವು.

ಮುಂದಿನ ವಾರ ದೇವದುರ್ಗದಲ್ಲಿ ಒಂದು ಮದುವೆ. ವಧು-ವರರು ಮಾಲೆ ಬದಲಾಯಿಸಿಕೊಂಡರು. ಪ್ರಾಮ್‌ನಲ್ಲಿ ನಡೆಯೋದೂ ಇದೇ ಅಲ್ವಾ ಅಂದುಕೊಂಡೆ. ಅಷ್ಟರಲ್ಲಿ ಹೆಣ್ಣುಮಕ್ಕಳಿಗೆ ಹೂ ಹಂಚುವ ತಟ್ಟೆ ಬಂತು. ದೊಡ್ಡವ್ವನ ಹತ್ತಿರ ಬಂದು, ನಿಲ್ಲದೆ ಮುಂದೆ ಹೋಯಿತು. ದೊಡ್ಡಪ್ಪ ತೀರಿಕೊಂಡು ಎಂಟು ವರ್ಷ. ಎದುರಿನ ಸಾಲಿನಲ್ಲಿ ಹೆಂಡತಿ ಕಳೆದುಕೊಂಡ ಹಿರಿಯರೊಬ್ಬರು ಕೂತಿದ್ದರು. ಅವರ ಕೊರಳಿಗೆ ಸನ್ಮಾನದ ಹಾರ ಬಿತ್ತು. ಯಾರೂ ತಡೆಯಲಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ಸಮೀಕರಣದ ಎರಡೂ ಬದಿ ಸಮ ಇರಬೇಕು ಅಂತ ಕಲಿತವನು. ಮಾಲೆ ಬಿದ್ದದ್ದು ಎರಡು ಕೊರಳಿಗೆ. ಒಬ್ಬರು ಹೋದಾಗ ಹೂ ಕಿತ್ತುಕೊಳ್ಳೋದು ಹೆಣ್ಣಿನ ಮುಡಿಯಿಂದ ಮಾತ್ರ. ಇದ್ಯಾವ ಲೆಕ್ಕ?

ಸಂಪ್ರದಾಯ ಅಂತೀರಾ? ನಮ್ಮ ಭಾಗದ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತ ಹೆಣ್ಣಿಗೆ ‘ಉಡಿಕೆ’ ಮಾಡಿ ಮತ್ತೆ ಸಂಸಾರ ಕಟ್ಟಿಕೊಡುವ ಪದ್ಧತಿಯೂ ಉಂಟು. ಅದೂ ಸಂಪ್ರದಾಯವೇ. ಗಡಿಯಾಚೆ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಅನ್ನೋ ಹಳ್ಳಿ 2022ರ ಮೇ ತಿಂಗಳಲ್ಲಿ ಗ್ರಾಮಸಭೆ ಸೇರಿಸಿ, ವಿಧವೆಯರ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿ ಬೇಡ ಅಂತ ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ, ಉಳಿದ ಪಂಚಾಯ್ತಿಗಳೂ ಇದನ್ನೇ ಅನುಸರಿಸಲಿ ಅಂತ ಸುತ್ತೋಲೆ ಹೊರಡಿಸಿತು. ಒಂದು ಹಳ್ಳಿಗೆ ಆದದ್ದು ನಮಗೆ ಆಗೋದಿಲ್ವಾ?

ರಾಯಚೂರಿಗೆ ಬಂದವನೇ ತೀನ್ ಕಂದೀಲ್ ಹತ್ತಿರ ಒಂದು ಮೊಳ ಮಲ್ಲಿಗೆ ಕೊಂಡು ಮಾನ್ವಿಗೆ ಹೋದೆ. ದೊಡ್ಡವ್ವ ಮುಡಿಯಲಿಲ್ಲ. ದೇವರ ಮುಂದೆ ಇಟ್ಟಳು. ಬೆಳಗ್ಗೆ ಎದ್ದು ನೋಡಿದರೆ, ಅದರಲ್ಲೇ ಒಂದು ತುಂಡು ಅವಳ ಮುಂಗೈಗೆ ಸುತ್ತಿತ್ತು.

“ತಲಿಗಿ ಬ್ಯಾಡ ಅಂತಾರ. ಕೈಗಿ ಬ್ಯಾಡ ಅಂತ ಯಾರೂ ಹೇಳಿಲ್ಲಲ್ಲಪಾ” ಅಂದಳು.

ವೀಕ್ಷಕರೇ, ನಿಮ್ಮ ಮನೆಯ ಮುಂದಿನ ಮದುವೆಯಲ್ಲಿ ಹೂವಿನ ತಟ್ಟೆ ನಿಮ್ಮ ಕೈಯಲ್ಲೇ ಇರಬಹುದು. ಯಾರನ್ನೂ ದಾಟಿ ಹೋಗಬೇಡಿ.