ಮಾಣಿಯಾಗಿಯೇ ಉಳಿದ ಸಾಬು

ಹಾಲಿವುಡ್‌ನಲ್ಲಿ ಭಾರತೀಯರು ಅಂದ ಕೂಡಲೇ ನಮಗೆ ಇರ್ಫಾನ್ ಖಾನ್, ಪ್ರಿಯಾಂಕಾ ಚೋಪ್ರಾ ನೆನಪಾಗ್ತಾರೆ. ಅವರಿಗಿಂತ ಅರ್ಧ ಶತಮಾನಕ್ಕೂ ಮೊದಲು ಅಲ್ಲಿ ಹೆಸರು ಮಾಡಿದವನು ನಮ್ಮ ಮೈಸೂರು ಸೀಮೆಯ ಒಬ್ಬ ಹುಡುಗ. ಹೆಸರು ಸಾಬು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು 1924ರಲ್ಲಿ, ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಸಿನಿಮಾ ಮಾಡಲು ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿ ತಂಡದ ಕಣ್ಣಿಗೆ ಈ ಹುಡುಗ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಗೆ ಬಂತು. ಲಂಡನ್ನಿಗೆ ಹೋದ, ಯುದ್ಧ ಶುರುವಾದ ಮೇಲೆ ಅಮೆರಿಕ ಸೇರಿದ. 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’, 1942ರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿ.

1923ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ಮುಚ್ಚಿತ್ತು. ಕಾನೂನು ಬದಲಾಗಿದ್ದು 1946ರಲ್ಲಿ. ಸಾಬುಗೆ 1944ರಲ್ಲೇ ಪೌರತ್ವ ಸಿಕ್ಕಿತು. ಸೈನ್ಯ ಸೇರಿ, ಬಿ-24 ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹೋರಾಡಿ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು.

ಗಮನಿಸಿದಿರಾ? ಇಲ್ಲಿಯವರೆಗೆ ‘ಬಿದ್ದ’, ‘ಹೋದ’ ಅಂದೆ. ಈಗ ‘ಪಡೆದರು’ ಅಂತಿದ್ದೇನೆ. ಹುಡುಗ ದೊಡ್ಡವನಾದ ಮೇಲೆ ಮರ್ಯಾದೆ ಕೊಡಬೇಕಲ್ಲ! ಹಾಲಿವುಡ್ ಕೊಡದೇ ಹೋದದ್ದು ಇದನ್ನೇ.

ನನ್ನೂರು ಕೋಟೇಶ್ವರದ ಪಕ್ಕದ ಬೀಜಾಡಿ. ನಮ್ಮ ಕಡೆ ಹುಡುಗನಿಗೆ ‘ಮಾಣಿ’ ಅಂತೇವೆ. ಯಕ್ಷಗಾನ ಮೇಳ ಸೇರಿದ ಮಾಣಿ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ. ಕಲಿತಂತೆ, ಬೆಳೆದಂತೆ ವೇಷವೂ ಬೆಳೀತದೆ. ಕೋಡಂಗಿ ಕುಣಿದವನೇ ಮುಂದೆ ಅರ್ಜುನನಾಗಬಹುದು. ಸಾಬುಗೆ ಆ ಏಣಿ ಇರಲಿಲ್ಲ. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಂಥ ಬ್ರಿಟಿಷ್ ಚಿತ್ರ ಬಿಟ್ಟರೆ, ಮತ್ತೆ ಮತ್ತೆ ಅದೇ ಕಾಡು, ಅದೇ ಪ್ರಾಣಿ, ಅದೇ ಮುಂಡಾಸು. 1963ರ ಡಿಸೆಂಬರ್ 2ರಂದು, ಬರೀ 39ನೇ ವಯಸ್ಸಿಗೆ ಹೃದಯಾಘಾತದಿಂದ ಹೋಗಿಬಿಟ್ಟರು. ಮರುವರ್ಷ ಬಂದ ಕೊನೆಯ ಚಿತ್ರ ‘ಎ ಟೈಗರ್ ವಾಕ್ಸ್’ನಲ್ಲಿ ಅವರದು ಹುಲಿ ಪಳಗಿಸುವವನ ಪಾತ್ರ! ಆನೆಯಿಂದ ಹುಲಿಗೆ. ಕಾಲು ಶತಮಾನದಲ್ಲಿ ಸಿಕ್ಕ ಬಡ್ತಿ ಅಷ್ಟೇ.

ಹಾಲಿವುಡ್ಡನ್ನು ಬೈದರೆ ನಮ್ಮ ಕೆಲಸ ಮುಗೀತಾ? ನಮ್ಮ ಸಿನಿಮಾಗಳಲ್ಲಿ ಕರಾವಳಿ ಕನ್ನಡ ಆಡುವವನು ಹೆಚ್ಚಾಗಿ ನಗಿಸೋಕೆ ಬರ್ತಿದ್ದ. ಅದೇ ಭಾಷೆಯ ನಾಯಕನನ್ನು ದೇಶವೇ ನೋಡಿದ್ದು 2022ರ ‘ಕಾಂತಾರ’ದಲ್ಲಿ. ಇನ್ನು, ದುಡಿಯೋಕೆ ಬೆಂಗಳೂರಿಗೆ ಬಂದ ಬಿಹಾರದ, ಅಸ್ಸಾಮಿನ ಹುಡುಗರಿಗೆ ನಮ್ಮ ಕಥೆಗಳಲ್ಲಿ ಸೆಕ್ಯೂರಿಟಿ ಗಾರ್ಡ್ ಬಿಟ್ಟು ಬೇರೆ ಯಾವ ವೇಷ ಇಟ್ಟಿದ್ದೇವೆ?

ಯೋಚನೆ ಮಾಡಿ.